ಬೋಧಕರ ಕೋಣೆಯ ತಣ್ಣನೆ ಹೀಟರು

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಡೋಲಿನಾ ಬೋಧಕರಿಗೆಂದು ಸಿಂಗರಿಸಿದ್ದ ಕೋಣೆಗೆ ಹೋಗಿ, ಹೀಟರಿನ ಮೇಲೆ ಅಂಗೈ ಇಟ್ಟಳು. ಕೈ ಅಲ್ಲೇ ನಿಂತಿತು. ಹೀಟರು ಸಮಾಧಿ ಕಲ್ಲಿನಷ್ಟು ತಣ್ಣಗಿತ್ತು.

ಎಂಟೂಕಾಲಿಗೆ ಬಂದು ನಮ್ಮ ಮನೆಯ ಬಾಗಿಲು ಬಡಿದಳು.

"ಟಾರ್ಮೋಡಣ್ಣಾ, ಕೊಂದುಬಿಟ್ಟಿದಾಳೆ!"

ನನ್ನ ಗಂಡ ಓಟ್ಸ್ ಗಂಜಿಯ ಚಮಚ ಕೆಳಗಿಟ್ಟರು. "ಯಾರನ್ನ?"

"ನನ್ನ ಹೀಟರನ್ನ!"

"ಯಾರು?"

"ಇನ್ಯಾರು? ಎದುರು ಮನೆ ಮರ್ಡೀನಾ! ನನ್ನ ವಾರಗಿತ್ತಿ!"

ನನ್ನ ಗಂಡ ಚರ್ಚಿನ ಸಭೆಯ ಹಿರಿಯರು. ಅದರ ಜೊತೆಗೆ ಮೂವತ್ತು ವರ್ಷಗಳಿಂದ ಈ ಲೂಯಿಸ್ ದ್ವೀಪದ ಮನೆಗಳಿಗೆಲ್ಲ ವೈರು ಎಳೆದವರು. ಅವರು ಟೋಪಿ ಹಾಕಿಕೊಂಡರು. ನಾನು ಅವರ ಹಿಂದೆ ಹೊರಟೆ. ಬೇಡವೆಂದರೂ ಹೋಗುತ್ತಿದ್ದೆ.

ಡೋಲಿನಾಳ ಸಂಕಟ ನನಗೆ ಗೊತ್ತಿತ್ತು. ಚರ್ಚಿನಲ್ಲಿ ರೊಟ್ಟಿ-ದ್ರಾಕ್ಷಾರಸ ಹಂಚುವ ಪ್ರಭುಭೋಜನದ ವಾರದಲ್ಲಿ ಆಚೆ ದಡದಿಂದ ಬರುವ ಬೋಧಕರು ಇಪ್ಪತ್ತೆರಡು ವರ್ಷಗಳಿಂದ ಮರ್ಡೀನಾಳ ಮನೆಯಲ್ಲೇ ಇಳಿಯುತ್ತಿದ್ದರು. ಈ ಸಲ ಮೊದಲ ಬಾರಿಗೆ ಆ ಭಾಗ್ಯ ಡೋಲಿನಾಳ ಹೊಸ್ತಿಲಿಗೆ ಬಂದಿತ್ತು. ಬರುವವರಿಗೆ ಎಪ್ಪತ್ತು ದಾಟಿದೆ, ಎದೆ ದುರ್ಬಲ. ಮಧ್ಯಾಹ್ನದ ಹಡಗಿನಲ್ಲಿ ಬಂದು ನಾಲ್ಕಕ್ಕೆ ಊರು ಮುಟ್ಟುತ್ತಾರೆ. ಕೋಣೆ ತಣ್ಣಗಿದ್ದರೆ? ರಸ್ತೆ ದಾಟಿ ಮತ್ತೆ ಮರ್ಡೀನಾಳ ಮನೆಗೇ!

ಹಗಲಲ್ಲಿ ಕಾಯಿಸಿಕೊಳ್ಳೋಣವೆಂದರೆ ಈ ಹೀಟರು ಕೇಳುವುದಿಲ್ಲ. ರಾತ್ರಿಯ ಅಗ್ಗದ ಕರೆಂಟನ್ನು ಹೊಟ್ಟೆಯೊಳಗಿನ ಇಟ್ಟಿಗೆಗಳಲ್ಲಿ ಕೂಡಿಟ್ಟುಕೊಂಡು ಮರುದಿನವೆಲ್ಲ ಮೆಲ್ಲಮೆಲ್ಲಗೆ ಬಿಸಿ ಬಿಡುತ್ತದೆ. ಒಂದು ರಾತ್ರಿ ತಪ್ಪಿತೆಂದರೆ ಆ ದಿನ ಹೋದಂತೆಯೇ.

ಬೋಧಕರು ಮನೆಗೆ ಬರಲಿ ಎಂಬ ಆಸೆ ನನಗೂ ಇಲ್ಲವೆಂದರೆ ಸುಳ್ಳಾದೀತು. ನಮ್ಮ ಮನೆಯಲ್ಲಿ ಒಬ್ಬರೂ ತಂಗಿಲ್ಲ. ದೇವರು ಕ್ಷಮಿಸಲಿ, ಆ ತಣ್ಣನೆ ಹೀಟರನ್ನು ಮುಟ್ಟಿದಾಗ ನನಗೆ ಒಳಗೊಳಗೇ ಸ್ವಲ್ಪ ಹಿತವಾಯಿತು.

ಕೋಣೆ ಅಚ್ಚುಕಟ್ಟಾಗಿತ್ತು. ಹಾಸಿಗೆಯ ಮೇಲೆ ಹಿಮದಂಥ ಬಿಳಿ ಹೊದಿಕೆ. ಹೀಟರಿನ ಪಕ್ಕದ ಮೇಜಿನ ಮೇಲೆ ಚಿನ್ನದಂಚಿನ ಆರು ಕಪ್ಪುಗಳು.

ಟಾರ್ಮೋಡ್ ಗೋಡೆಯ ಸ್ವಿಚ್ಚು ನೋಡಿದರು — ಹಾಕಿಯೇ ಇತ್ತು. ಫ್ಯೂಸು ನೋಡಿದರು — ಸರಿಯಿತ್ತು. ಹೀಟರಿನ ತಿರುಗುಣಿಗಳೆರಡೂ ಇರಬೇಕಾದಲ್ಲೇ ಇದ್ದವು. ನಡುಮನೆಯ ಇನ್ನೊಂದು ಹೀಟರಿನ ಮೇಲೆ ಕೈಯಿಟ್ಟರು. ಬೆಚ್ಚಗಿತ್ತು.

"ಅಂದ್ರೆ ರಾತ್ರಿ ಕರೆಂಟು ಬಂದಿದೆ. ಕೆಟ್ಟಿರೋದು ಇದೊಂದೇ," ಎಂದರು. "ನಿನ್ನೆ ಹೇಗಿತ್ತು, ಡೋಲಿನಾ?"

"ಬೆಳಿಗ್ಗೆ ಬೆಚ್ಚಗಿತ್ತು. ಸಂಜೆ ಹೊತ್ತಿಗೆ ಉಗುರುಬೆಚ್ಚಗೆ."

"ನಿನ್ನೆ ಇಲ್ಲಿಗೆ ಯಾರ್ಯಾರು ಬಂದಿದ್ರು?"

"ಅವಳೇ! ಆರಾಧನೆ ಮುಗಿಸಿ ಬಂದವಳು ಒಬ್ಬಳೇ ಈ ಕೋಣೇಲಿ ನಿಂತಿದ್ಲು. ನಾನು ಟೀಗೆ ನೀರಿಟ್ಟು ಬರೋಷ್ಟರಲ್ಲಿ!"

"ಮತ್ತೆ?"

"ಮತ್ತೆ... ನಮ್ಮಣ್ಣ ಕ್ಯಾಲಮ್ ಮನೇಲೇ ಇದ್ದ. ಅವನಿಗೆ ಈ ಹೀಟರು ಕಂಡ್ರಾಗಲ್ಲ."

ಅಡುಗೆಮನೆಯಿಂದ ಕ್ಯಾಲಮ್‌ನ ದನಿ ಬಂತು: "ಹೌದು ಕಣಮ್ಮಾ, ಆಗಲ್ಲ! ಒಲೆಗೂಡಲ್ಲಿ ಜೌಗುನೆಲದಿಂದ ಕಡಿದು ಒಣಗಿಸಿದ ಒಳ್ಳೆ ಮಣ್ಣುಹೆಂಟೆ ಉರೀತಿತ್ತು, ಹೊಗೆಗೊಳವೆ ಮುಚ್ಚಿಸಿ ಈ ಡಬ್ಬ ತಂದಿಟ್ಲು. ಆದ್ರೆ ನಾನು ಕೆಡಿಸೋದಾದ್ರೆ ಕೊಡಲೀಲಿ ಕೆಡಿಸ್ತೀನಿ. ಗುಟ್ಟಾಗಿ ಅಲ್ಲ!"

ನನ್ನ ಗಂಡ ನಕ್ಕರು. ಅಷ್ಟರಲ್ಲಿ ಮುಂಬಾಗಿಲು ಕಿರುಗುಟ್ಟಿತು. ಬಾಗಿಲ ಮುಂದೆ ನಿಂತ ನಮ್ಮ ವ್ಯಾನು ಕಿಟಕಿಯಿಂದ ಕಂಡಿರಬೇಕು — ಮರ್ಡೀನಾ ಕರೆಯದೆಯೇ ಬಂದಿದ್ದಳು.

"ಏನಂತೆ? ಕೋಣೆ ತಣ್ಣಗಾಗಿದ್ಯಂತೆ? ಪಾಪ! ನಮ್ಮನೇಲಿ ಹಾಸಿಗೆ ಹಾಸೇ ಇದೆ ಬಿಡು."

"ಹಾಸಿರಲ್ವಾ ಮತ್ತೆ! ಮೊದಲೇ ಗೊತ್ತಿತ್ತಲ್ಲ ನಿಂಗೆ!" ಡೋಲಿನಾ ಸಿಡಿದಳು.

"ಏನೇ ಮಾತಾಡ್ತಿದೀಯ? ನಿನ್ನೆ ನಾನು ಕೋಣೆ ನೋಡಿದೆ, ಅಷ್ಟೆ. ಒಂದು ಬೆರಳೂ ತಾಗಿಸಿಲ್ಲ."

"ಪ್ರಮಾಣ ಮಾಡ್ತೀಯಾ?"

"ಪ್ರಮಾಣ ಮಾಡಬಾರದು ಅಂತ ಸಭೇಲಿ ಕಲಿತಿಲ್ವಾ ನೀನು?"

"ಸಾಕು," ಎಂದರು ನನ್ನ ಗಂಡ, ಪ್ರಾರ್ಥನೆಗೆ ಕರೆಯುವಷ್ಟೇ ಮೆಲ್ಲಗೆ. "ಮರ್ಡೀನಾ, ಈ ಕಪ್ಪುಗಳು ನಿನ್ನವಲ್ವಾ?"

"ನನ್ನವೇ. ಇವಳ ಹತ್ರ ಒಂದೇ ಥರದ ಆರು ಕಪ್ಪು ಎಲ್ಲಿಂದ ಬರಬೇಕು?"

"ಯಾವತ್ತು ತಂದಿಟ್ಟೆ?"

"ಬುಧವಾರ ಕತ್ತಲಾಗೋ ಹೊತ್ತಿಗೆ. ಇವಳು ಮೊಟ್ಟೆ ತರೋಕೆ ಹೋಗಿದ್ಲು. ನಾನೇ ಇಲ್ಲಿ ಜೋಡಿಸಿಟ್ಟು ಹೋದೆ. ಅದೂ ಅಪರಾಧವಾ?"

ಟಾರ್ಮೋಡ್ ಕರೆಂಟು ಆರಿಸಿ, ಸ್ಕ್ರೂ ಬಿಚ್ಚಿ, ಹೀಟರಿನ ಮುಂಭಾಗ ಕಳಚಿದರು. ಒಳಗೆ ಬೆರಳು ಹಾಕಿದರು. ಟಿಕ್! — ಸಣ್ಣ ಸದ್ದು.

"ಬೆಲಾಗ್," ಎಂದರು ನನ್ನ ಕಡೆ ತಿರುಗಿ. "ಆ ಹೊದಿಕೆ ಮಗುಚಿ ಹಾಕು."

ಮಗುಚಿದೆ. ಒಳಮೈಯಲ್ಲಿ, ಒಂದರ ಪಕ್ಕ ಒಂದು, ಟೀ ಬಣ್ಣದ ನೀಳ ಪಟ್ಟೆಗಳು. ನಾನು ಆಗಲೇ ಅದರ ಅಂಚು ಕಂಡಿದ್ದೆ, ಟೀ ಚೆಲ್ಲಿದೆ ಅಂದುಕೊಂಡು ಸುಮ್ಮನಾಗಿದ್ದೆ. ಈಗ ಹೀಟರಿನ ಮೇಲಿನ ಸರಳುಗಳನ್ನು ನೋಡಿದೆ. ಅಗಲ ಅಷ್ಟೇ. ಅಂತರವೂ ಅಷ್ಟೇ!

ಡೋಲಿನಾಳ ಮುಖ ಆ ಹೊದಿಕೆಯ ಮೇಲ್ಮೈಯಂತೆ ಬಿಳಿಚಿತು.

"ನಾವೆಲ್ಲ ಗುರುವಾರದ ಕಳ್ಳನನ್ನ ಹುಡುಕ್ತಾ ಇದ್ವಿ," ಎಂದರು ಟಾರ್ಮೋಡ್. "ಈ ಹೀಟರು ಒಂದು ದಿನ ತಡವಾಗಿ ಮಾತಾಡತ್ತೆ. ಶುಕ್ರವಾರ ತಣ್ಣಗಾಗಿದೆ ಅಂದ್ರೆ ತಪ್ಪು ನಡೆದಿರೋದು ಬುಧವಾರ ರಾತ್ರಿ. ನಿನ್ನೆ ಇದ್ದ ಬಿಸಿ, ಆ ರಾತ್ರಿ ಕೆಡೋ ಮುಂಚೆ ಕೂಡಿಟ್ಟದ್ದರ ಉಳಿಕೆ. ಡೋಲಿನಾ, ಈ ಹೊದಿಕೆ ಯಾವತ್ತು ಒಗೆದೆ?"

"ಬುಧವಾರ," ಎಂದಳು. "ದಿನವೆಲ್ಲ ಜಿನುಗು ಮಳೆ. ಒಣಗಲೇ ಇಲ್ಲ. ಗುರುವಾರ ಉಪವಾಸದ ದಿನ, ಹಗ್ಗದ ಮೇಲೆ ಹಾಕೋ ಹಾಗಿಲ್ಲ..."

ಅದು ನಿಜ. ಪ್ರಭುಭೋಜನಕ್ಕೆ ಮುಂಚಿನ ಉಪವಾಸದ ಗುರುವಾರ ಭಾನುವಾರದಷ್ಟೇ ಪವಿತ್ರ; ಅವತ್ತು ನಮ್ಮೂರಿನ ಹಗ್ಗಗಳ ಮೇಲೆ ಒಂದು ಕಾಲುಚೀಲವೂ ತೂಗಬಾರದು.

"ಅದಕ್ಕೆ ನೀನು ಬುಧವಾರ ಸಂಜೆ ಇದರ ಮೇಲೆ ಹರಡಿದೆ, ಗುರುವಾರ ಬೆಳಿಗ್ಗೆ ತೆಗೆದೆ," ಎಂದರು ಟಾರ್ಮೋಡ್. " ಉಸಿರು ಕಟ್ಟಿದ ಹೀಟರು ಮಿತಿಮೀರಿ ಕಾದಿದೆ. ಬೆಂಕಿ ಹತ್ತಬಾರದು ಅಂತ ಒಳಗೊಂದು ಕಾವಲು ಗುಂಡಿ ಇರತ್ತೆ. ಅದು ಎಗರಿ ಕರೆಂಟು ಕಡಿದಿದೆ. ಮುಚ್ಚಬೇಡ ಅಂತ ಹಾಕಿಕೊಟ್ಟ ದಿನವೇ ಹೇಳಿರಲಿಲ್ವಾ?"

"ಒಂದೇ ರಾತ್ರಿ ಅಲ್ವಾ ಅಂದ್ಕೊಂಡೆ... ಹೊದಿಕೆ ಮಾಸಿರಲಿಲ್ಲ, ಅಣ್ಣಾ. ಮರ್ಡೀನಕ್ಕನ ಮನೆ ಹೊದಿಕೆಗಿಂತ ಬೆಳ್ಳಗಿರಲಿ ಅಂತ ಇನ್ನೊಂದ್ಸಲ ಒಗೆದೆ."

ಮರ್ಡೀನಾ ನಕ್ಕಳು. "ನೋಡಿದ್ರಾ? ತನ್ನ ಕೈಯಾರೆ ತಾನೇ..."

"ಇನ್ನೂ ಮುಗಿದಿಲ್ಲ, ಮರ್ಡೀನಾ." ನನ್ನ ಗಂಡನ ದನಿ ಏರಲಿಲ್ಲ. "ಬುಧವಾರ ಕಪ್ಪು ಜೋಡಿಸುವಾಗ ನಿನ್ನ ಮೊಣಕೈ ಪಕ್ಕದಲ್ಲೇ ಈ ಹೊದಿಕೆ ಹರಡಿತ್ತು. ಹೋದ ಚಳಿಗಾಲ ನಿನ್ನ ಹೀಟರು ಯಾಕೆ ಸತ್ತಿತ್ತು?"

ಅವಳು ಮೇಜಿನ ಮೇಲಿನ ಕಪ್ಪೊಂದನ್ನು ಸರಿಸಿಟ್ಟಳು.

"ನೀನು ಅದರ ಮೇಲೆ ನಿನ್ನ ಕೋಟು ಒಣಗಹಾಕಿದ್ದೆ," ಎಂದರು ನನ್ನ ಗಂಡ. " ಆ ಗುಂಡಿ ಒತ್ತಿದ್ದು ಇದೇ ಬೆರಳು. ಮುಚ್ಚಿದ್ರೆ ಹೀಗಾಗತ್ತೆ ಅಂತ ಊರಲ್ಲಿ ನನ್ನ ಬಿಟ್ರೆ ಚೆನ್ನಾಗಿ ಗೊತ್ತಿದ್ದವಳು ನೀನೊಬ್ಬಳೇ. ಬೆರಳು ತಾಗಿಸಿಲ್ಲ ಅಂದ್ಯಲ್ಲ, ಅದೇ ನಿನ್ನ ಅಪರಾಧ. ಹೊದಿಕೆ ಎತ್ತಿ ಕುರ್ಚಿ ಮೇಲೆ ಹಾಕೋಕೆ ಒಂದು ಬೆರಳು ಸಾಕಿತ್ತು."

ಕೋಣೆ ಇನ್ನಷ್ಟು ತಣ್ಣಗಾಯಿತು.

"ಎತ್ತೋಣ ಅಂತ ಕೈ ಚಾಚಿದ್ದೆ," ಎಂದಳು ಮರ್ಡೀನಾ. "ಆಮೇಲೆ ಆ ಬಿಳುಪು ನೋಡಿದೆ. ಇಪ್ಪತ್ತೆರಡು ವರ್ಷ, ಟಾರ್ಮೋಡ್. ಬೋಧಕರ ಊಟಕ್ಕೆ ಮುಂಚಿನ ಪ್ರಾರ್ಥನೆ ನನ್ನ ಮೇಜಿನ ಮುಂದೆ ಕೇಳಿಸ್ತಿತ್ತು. ಈ ಸಲ ಆ ಮನೇಲಿ ನಾನೊಬ್ಬಳೇ ಉಣ್ಣಬೇಕಲ್ಲ ಅನ್ನಿಸ್ತು."

ಡೋಲಿನಾ ಹೊದಿಕೆಯ ಬಿಳಿ ಮೈಯನ್ನು ಮತ್ತೆ ಮೇಲೆ ಮಾಡಿ ಹಾಸಿದಳು.

"ಭಾನುವಾರ ಪ್ರಭುವಿನ ಮೇಜಿಗೆ ನೀವಿಬ್ಬರೂ ಅಕ್ಕಪಕ್ಕ ಕೂರಬೇಕು," ಎಂದಷ್ಟೇ ಹೇಳಿ ನನ್ನ ಗಂಡ ಸ್ಕ್ರೂ ಬಿಗಿಯತೊಡಗಿದರು. "ಇದು ಬಿಸಿಯಾಗೋದು ನಾಳೆ ಬೆಳಿಗ್ಗೆಗೇ. ಇವತ್ತಿನ ದಾರಿ ನೀವೇ ನೋಡ್ಕೊಳ್ಳಿ."

ಮರ್ಡೀನಾ ಹೊರಗೆ ಹೋದಳು. ಗೆದ್ದು ಹೋದಳೋ, ಸೋತು ಹೋದಳೋ ತಿಳಿಯಲಿಲ್ಲ. ಹತ್ತು ನಿಮಿಷಕ್ಕೆ ರಸ್ತೆಯಲ್ಲಿ ಕೈಗಾಡಿಯ ಸದ್ದಾಯಿತು. ಹೋದ ಚಳಿಗಾಲ ಕೊಂಡಿದ್ದ ತನ್ನ ಸಣ್ಣ ಎಣ್ಣೆ ಹೀಟರನ್ನು, ಊರವರಿಗೆ ಕಾಣದಂತೆ ಗೋಣಿ ಮುಚ್ಚಿ, ತಳ್ಳಿಕೊಂಡು ಬರುತ್ತಿದ್ದಳು.

"ಪ್ಲಗ್ಗು ಎಲ್ಲಿದೆಯೇ?" ಎಂದಳು ಒರಟಾಗಿ.

"ಹಾಸಿಗೆ ಪಕ್ಕ," ಎಂದಳು ಡೋಲಿನಾ, ಅಷ್ಟೇ ಒರಟಾಗಿ. "ಊಟಕ್ಕೆ ನೀನೂ ಇಲ್ಲೇ ಇರು, ಅಕ್ಕ. ಕಪ್ಪು ನಿನ್ನವು. ಟೀ ನೀನೇ ಬಗ್ಗಿಸು."

ನಾಲ್ಕು ಗಂಟೆಗೆ ಬೋಧಕರು ಬಂದರು. ಮಳೆಯಲ್ಲಿ ತೊಯ್ದಿದ್ದರು. "ಎಂಥ ಬೆಚ್ಚನೆ ಕೋಣೆ!" ಎಂದು ಹರಸಿದರು. ಒದ್ದೆ ಕೋಟು ಕಳಚಿ ಸುತ್ತ ನೋಡಿದರು. ಗೋಡೆಯ ಹೀಟರಿನತ್ತ ಕೋಟು ಹಿಡಿದ ಕೈ ಚಾಚಿದರು.

"ಅದರ ಮೇಲೆ ಬೇಡ!"

ವಾರಗಿತ್ತಿಯರಿಬ್ಬರ ದನಿ ಅಂದು ಮೊದಲ ಸಲ ಒಂದೇ ಆಗಿ ಹೊರಟಿತು.