ಗುಡ್ಡದ ಟವರಿನ ಬಾಗಿಲು

ಮೊಬೈಲ್ ಟವರುಗಳ ಆರೋಗ್ಯವನ್ನು ಪರದೆಯ ಮೇಲೆ ನೋಡುತ್ತ ಕೂರುವುದು ನನ್ನ ಕೆಲಸ. ಗುಡ್ಡದ ಟವರನ್ನು ನೋಡಿಕೊಳ್ಳುತ್ತಿದ್ದವನು ನನ್ನ ತಮ್ಮ. ಅವನು ತೀರಿಕೊಂಡ ಮೇಲೆ ಟವರಿನ ಬುಡದ ಬ್ಯಾಟರಿ ಕೋಣೆಗಿದ್ದ ಒಂದೇ ಒಂದು ಬೀಗದ ಕೈಯನ್ನು ನಾನು ಯಾರಿಗೂ ಕೊಡಲಿಲ್ಲ. ನಾಲ್ಕು ತಿಂಗಳು ಅತ್ತ ಯಾರೂ ಹೋಗಲಿಲ್ಲ. ಆದರೂ ತಿಂಗಳ ಮೊದಲ ಗುರುವಾರ, ಅವನು ಹೋಗುತ್ತಿದ್ದ ಹತ್ತು ಗಂಟೆಗೇ, ‘ಬಾಗಿಲು ತೆರೆದಿದೆ’ ಎಂದು ಪರದೆ ಹೇಳುತ್ತಿತ್ತು. ಒಳಗಿನ ಶಾಖ ಎರಡು ಡಿಗ್ರಿ ಇಳಿಯುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಬಾಗಿಲು ಮುಚ್ಚುತ್ತಿತ್ತು. ನಾನು ದೇವರನ್ನು ನೆನೆಯುತ್ತಿದ್ದೆ, ಯಾರಿಗೂ ವರದಿ ಮಾಡುತ್ತಿರಲಿಲ್ಲ.

ನಾಲ್ಕನೆಯ ಸಲ ಮೇಲ್ವಿಚಾರಕ ನೋಡಿಬಿಟ್ಟ. “ಯಜಮಾನ್ರೇ, ಬಾಗಿಲಿನ ಸೆನ್ಸರ್ ಕೆಟ್ಟಿದೆ. ಕಿತ್ತು ಹಾಕ್ಸೋಣ.”

ನಾನು ಬೀಗದ ಕೈ ತೆಗೆದುಕೊಂಡು ಎದ್ದೆ. “ಬೇಡಪ್ಪಾ, ನಾನೇ ನೋಡ್ಕೊಂಡು ಬರ್ತೀನಿ.”

“ಈ ಮಂಡಿ ಇಟ್ಕೊಂಡಾ? ಆಮೇಲೆ ನಿಮ್ಮನ್ನ ಇಳ್ಸೋಕೆ ಇಬ್ರನ್ನ ಕಳಿಸ್ಬೇಕು!”

ಅಂದೇ ಮಧ್ಯಾಹ್ನ ಗುಡ್ಡ ಹತ್ತಿದೆ. ಬಾಗಿಲ ತುಂಬ ಜೇಡರ ಬಲೆ. ತುಕ್ಕು ಹಿಡಿದ ಬೀಗ ಎಣ್ಣೆ ಬಿಟ್ಟ ಮೇಲೆಯೇ ತೆರೆಯಿತು. ತಮ್ಮ ಮಾಡುತ್ತಿದ್ದಂತೆ ತಿಂಗಳಿಗೊಮ್ಮೆ ನೀರು ಹೊಯ್ಯದಿದ್ದರೆ ಅಲ್ಲಿನ ಬ್ಯಾಟರಿಗಳು ಒಣಗುತ್ತವೆ. ಒಂದೊಂದರ ಮುಚ್ಚಳವನ್ನೂ ತಿರುಗಿಸಿ ನೋಡಿದೆ. ಇಪ್ಪತ್ತನಾಲ್ಕರಲ್ಲೂ ನೀರು ತುಂಬಿ ಮೇಲಿನ ಗೆರೆ ಮುಟ್ಟಿತ್ತು. ಕೊನೆಯದರ ಮುಚ್ಚಳ ಇನ್ನೂ ಒದ್ದೆಯಾಗಿತ್ತು.

ಕೈ ಮುಗಿದು, ಬೀಗ ಹಾಕಿ ಇಳಿದು ಬಂದೆ. ಸೆನ್ಸರ್ ಸರಿಯಾಗಿದೆ ಎಂದು ವರದಿ ಬರೆದೆ.