ಹೂವಿನ ವಾರದ ಒರತೆ

"ಇಷ್ಟೊಂದು ನೀರು ಮಾರ್ಚ್‌ನಲ್ಲಿ ಎಲ್ಲಿಗೆ ಹೋಗಿತ್ತು?"

ಕಿರಣ್‌ಕುಮಾರ್ ಕೇಳಿದ್ದು ಯಾರನ್ನೂ ಅಲ್ಲ. ಗುಡ್ಡದ ಒರತೆಯ ಮುಂದೆ ಕೊಡೆ ಮಡಚಿಕೊಂಡು, ನೆನೆಯುತ್ತಾ ನಿಂತಿದ್ದ. ಬೇಲಿಯ ಮರೆಯಲ್ಲಿ ಆಟಿಸೊಪ್ಪು ಕೊಯ್ಯುತ್ತಿದ್ದ ಯಮುನಳಿಗೆ ಅದು ಕೇಳಿಸಿತು. ಉತ್ತರವೂ ಗೊತ್ತಿತ್ತು. ಆದರೂ ಸೊಪ್ಪು ಕೊಯ್ಯುತ್ತಲೇ ಇದ್ದಳು.

ಅವತ್ತು ಆಟಿ ತಿಂಗಳ ಹದಿನೆಂಟನೇ ದಿನ. ಸೊಪ್ಪಿಗೆ ಹದಿನೆಂಟು ಬಗೆಯ ಮದ್ದು ಬಂದು ಸೇರುವ ದಿನ.

ಮಾದಾಪುರದಾಚೆಯ ಆ ಗುಡ್ಡದ ಮೇಲೆ ನಲವತ್ತು ವಿಲ್ಲಾಗಳ ಲೇಔಟ್ ಬರುವುದಿತ್ತು. ಸರ್ವೆ ಮಾಡಿದವನು ಕಿರಣ್. ಗುಡ್ಡದ ಬುಡದಲ್ಲಿ ಯಮುನಳ ಮನೆ. ಅವಳು, ಅವಳಪ್ಪ ದೇರಪ್ಪ, ಇಬ್ಬರೇ. ಏಳು ವರ್ಷದ ಹಿಂದಿನ ಮಳೆಗೆ ಗುಡ್ಡದ ಇನ್ನೊಂದು ಮಗ್ಗುಲು ಜಾರಿ ಅಮ್ಮನನ್ನು ಕೊಂಡೊಯ್ದಿತ್ತು. ಅಲ್ಲಿಂದೀಚೆಗೆ ಯಮುನಳಿಗೆ ಬಿಸಿ ಬಿಸಿಯಲ್ಲ, ತಂಪು ತಂಪಲ್ಲ. ಉಣ್ಣುತ್ತಿದ್ದಳು, ತೋಟಕ್ಕೆ ಹೋಗುತ್ತಿದ್ದಳು, ಸಂಜೆ ಅಪ್ಪ ದೀಪ ಹಚ್ಚಿ ಪದ್ಯ ಓದಿದರೆ ಕೂತು ಕೇಳುತ್ತಿದ್ದಳು. ಊರೇ ಕಣ್ಣೊರೆಸುವ ಪದ್ಯಕ್ಕೂ ಅವಳ ಕಣ್ಣು ಒದ್ದೆಯಾಗುತ್ತಿರಲಿಲ್ಲ.

ಮಾರ್ಚ್‌ನಲ್ಲಿ ಕಿರಣ್ ಫೈಲ್ ಹಿಡಿದು ಅಂಗಳಕ್ಕೆ ಬಂದಿದ್ದ. "ಮೇಡಂ, ಈ ಗುಡ್ಡದಲ್ಲಿ ಒರತೆ ಏನಾದ್ರೂ ಇದೆಯಾ?"

ಕಾಫಿ ಹೂವಿನ ಕಾಲ ಅದು. ಹೂ ಅರಳಲೆಂದು ಊರವರೆಲ್ಲ ಒರತೆಗೇ ಪಂಪ್ ಇಟ್ಟು ತೋಟಕ್ಕೆ ತುಂತುರು ಹಾಯಿಸುವ ವಾರ. ಗುಂಡಿಯಲ್ಲಿ ಬರೀ ಕೆಸರು. "ನೀರಿಲ್ಲ," ಎಂದಿದ್ದಳು. ಯಾಕಿಲ್ಲ ಎಂದು ಬಿಡಿಸಿ ಹೇಳುವಷ್ಟು ಮಾತು ಅವಳಲ್ಲಿ ಉಳಿದಿರಲಿಲ್ಲ. ಅವನು ಹಾಗೇ ಬರೆದುಕೊಂಡ.

ಒರತೆಯೇ ಇಲ್ಲವೆಂದಾದ ಮೇಲೆ ಗುಡ್ಡ ಕಡಿಯಲು ಅಡ್ಡಿಯೇನು? ಹೋದ ವಾರ ಪಂಚಾಯ್ತಿ ಹಾಲಿನಲ್ಲಿ ವರದಿ ಓದಿದರು. 'ಸ್ಥಳೀಯರಾದ ಯಮುನ ಅವರ ಹೇಳಿಕೆಯಂತೆ' ಎಂಬಲ್ಲಿಗೆ ಬಂದಾಗ ಎಲ್ಲರೂ ಹಿಂತಿರುಗಿ ನೋಡಿದರು. ಪಕ್ಕದ ತೋಟದ ತಂಗಮ್ಮ ಎದ್ದು ನಿಂತೇ ಕೇಳಿದರು, "ನೀರೇ ಇಲ್ಲಾಂದ್ಯಲ್ಲ ಯಮುನ, ಹಾಗಾದ್ರೆ ನಾವೆಲ್ಲ ದಿನಾ ಕುಡಿಯೋದು ಎಂಥದ್ದು, ಮಂಜಾ? ಮತ್ತೆ ಗುಡ್ಡ ಜಾರಿದ್ರೆ ಯಾರ ಮನೇಲಿ ಅಳೋದು?"

ಆಗಲೂ ಅವಳಿಗೆ ಏನೂ ಅನ್ನಿಸಲಿಲ್ಲ.

"ಪಂಪಿಗೆ ಹೋಗಿತ್ತು," ಎಂದಳು ಈಗ.

ಕಿರಣ್ ಬೆಚ್ಚಿದ. "ಅಯ್ಯೋ, ನೀವು ಇಲ್ಲೇ ಇದ್ರಾ!"

"ಕಾಫಿ ಹೂವಿಗೆ ಬಿಡ್ತಿದ್ವು. ಎಂಟು ಪಂಪು. ಆ ವಾರ ಮಾತ್ರ."

"ಅವತ್ತೇ ಹೇಳ್ಬಾರ್ದಿತ್ತಾ?"

"ನೀವು ಇದೆಯಾ ಅಂದ್ರಿ. ಅವತ್ತು ಇರ್ಲಿಲ್ಲ."

ಅವನು ಹಣೆ ಒತ್ತಿಕೊಂಡು ನಕ್ಕುಬಿಟ್ಟ. "ಸೋಮವಾರಪೇಟೆಲಿ ನಮ್ಮಪ್ಪನೂ ಹೂವಿಗೆ ಪಂಪ್ ಇಡ್ತಾರೆ. ಕಾಫಿ ಬೆಳೆಯೋರ ಮಗ ನಾನು. ನಾನೇ ಇನ್ನೊಂದು ಪ್ರಶ್ನೆ ಕೇಳ್ಬೇಕಿತ್ತು."

"ಇವತ್ತು ಏನು ಮರೆತಿದ್ದೀರಿ ಅಂತ ವಾಪಸ್ ಬಂದ್ರಿ? ಟೇಪು ಎರಡು ಸಲ ಆಯ್ತು. ಕೊಡೆ ಒಂದು ಸಲ."

ಅವನ ಕಿವಿ ಕೆಂಪಾಯಿತು. ಒದ್ದೆ ಕೂದಲ ಕೆಳಗೆ ಅದು ಚೆನ್ನಾಗಿಯೇ ಕಾಣುತ್ತಿತ್ತು. "ಇವತ್ತು ತಗೊಂಡು ಹೋಗೋಕಲ್ಲ, ಕೊಡೋಕೆ ಬಂದೆ," ಎಂದ.

ಜಗಲಿಯಿಂದ ದೇರಪ್ಪ ಕೂಗಿದ, "ಮಳೆಲಿ ನಿಂತ್ಕಂಡ್ ಎಂಥ ಮಾತ್? ಒಳಗೆ ಬನ್ನಿ, ಪಾಯಸ ಉಂಟು!"

ಬೆಳಗ್ಗೆಯೇ ಆಟಿಸೊಪ್ಪಿನ ರಸದಲ್ಲಿ ಮಾಡಿಟ್ಟಿದ್ದ ಪಾಯಸ ಕಡುನೇರಳೆ ಬಣ್ಣಕ್ಕೆ ತಿರುಗಿತ್ತು. ಬಡಿಸುವ ಅವಳ ಬೆರಳುಗಳಿಗೂ ಅದೇ ಬಣ್ಣ. ಕಿರಣ್ ಬಟ್ಟಲು ನೋಡಲಿಲ್ಲ, ಬೆರಳನ್ನೇ ನೋಡಿದ.

"ನಾಳೆ ಬೆಳಿಗ್ಗೆ ಬಚ್ಚಲಲ್ಲಿ ಕೆಂಪು ಕಂಡು ಆಸ್ಪತ್ರೆಗೆ ಓಡ್ಬೇಡಿ, ಸೊಪ್ಪಿನ ಬಣ್ಣ ಅದು," ಎಂದಳು.

ದೇರಪ್ಪನ ಚಮಚ ಬಾಯಿಯ ಹತ್ತಿರವೇ ನಿಂತಿತು. ಏಳು ವರ್ಷದಲ್ಲಿ ಮಗಳು ತಮಾಷೆಯ ಮಾತಾಡಿದ್ದು ಇದೇ ಮೊದಲು. ಅವನು ಎಲೆಯಲ್ಲಿ ಒಂದಿಷ್ಟು ಪಾಯಸ ಹಾಕಿಕೊಂಡು ದೇವರ ಕೋಣೆಗೆ ಹೋದ.

ಕಿರಣ್ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಕಾಗದ ತೆಗೆದು ಕೊಟ್ಟ. ಹೊಸ ವರದಿ. 'ಇಲ್ಲಿ ಒರತೆ ಇದೆ. ಗುಡ್ಡ ಕಡಿದರೆ ಕೆಳಗಿನ ಮನೆಗಳಿಗೆ ಅಪಾಯ. ಹಿಂದಿನ ವರದಿಯ ತಪ್ಪು ಪೂರ್ತಿ ನನ್ನದು.' ಕೆಳಗೆ ಅವನ ಸಹಿ. ಅವಳ ಹೆಸರು ಎಲ್ಲೂ ಇರಲಿಲ್ಲ.

"ನಾಳೆ ಪಂಚಾಯ್ತಿಗೆ ಕೊಡ್ತೀನಿ."

"ನಿಮ್ಮ ಕಂಪನಿಯವ್ರು?"

"ಬೇರೆ ಕೆಲಸ ನೋಡ್ಕೋ ಅಂತಾರೆ."

ಯಮುನ ಕಾಗದವನ್ನು ಅವನತ್ತ ತಳ್ಳಿದಳು, ಮೇಲೊಂದು ಪೆನ್ನು ಇಟ್ಟಳು. "ನನ್ನ ಹೆಸರು ಬರೀರಿ. ಯಮುನ ಬೇಕಂತಲೇ ಸುಳ್ಳು ಹೇಳಿದ್ಲು ಅಂತ. ಗುಡ್ಡವೂ ಉಳೀತದೆ, ನಿಮ್ಮ ಕೆಲಸವೂ ಉಳೀತದೆ. ಊರವರು ಬೈದ್ರೆ ಬೈಲಿ. ನಂಗೆ ಏನೂ ಅನ್ಸಲ್ಲ."

"ನಂಗೆ ಅನ್ಸುತ್ತೆ," ಎಂದ ಅವನು.

ಹೊರಗೆ ಒರತೆ ಒಂದೇ ಸಮನೆ ಹರಿಯುತ್ತಿತ್ತು. ಅವಳು ಅವನ ಬೆರಳು ಬಿಡಿಸಿ, ನಡುವೆ ಪೆನ್ನು ತುರುಕಿದಳು. ಆಗ ಗೊತ್ತಾಯಿತು: ಅಷ್ಟು ಹೊತ್ತು ಮಳೆಯಲ್ಲಿ ನಿಂತ ಆ ಕೈ ತಣ್ಣಗಿತ್ತು. ತುಂಬಾ ತಣ್ಣಗಿತ್ತು. ಬಿಡಲು ಮನಸ್ಸಾಗಲಿಲ್ಲ.

"ದಮ್ಮಯ್ಯ, ಬರೀರಿ."

ಅವನು ಪೆನ್ನನ್ನು ಕೆಳಗಿಟ್ಟ, ಕೈಯನ್ನು ಮಾತ್ರ ಅಲ್ಲೇ ಬಿಟ್ಟ.

"ಬರೆಯಲ್ಲ."