ಹಂಸ ನಕ್ಕ ಫೋಟೋ

ಹಲಸೂರಿನ ಹಳೆಯ ಬಂಗಲೆಯಲ್ಲಿ ಸಿನಿಮಾ ಶೂಟಿಂಗ್. ನಾನು ಸ್ಟಿಲ್ ಫೋಟೋಗ್ರಾಫರ್. ಹೆಣದ ಪಾತ್ರ ಮಾಡಿದವರು ಎದ್ದ ಕೂಡಲೇ ನಕ್ಕು ಫೋಟೋ ತೆಗೆಸಿಕೊಳ್ಳಬೇಕು. ಇಲ್ಲದಿದ್ದರೆ ಸಾವು ಅವರ ಹಿಂದೆಯೇ ಹೋಗುತ್ತದೆಂದು ಸೆಟ್ಟಿನವರ ನಂಬಿಕೆ.

ಅಂದು ಹೆಣವಾಗಿದ್ದ ಹಂಸ ಚಟ್ಟದಿಂದೆದ್ದು, ಮೂಗಿನ ಹತ್ತಿ ಕಿತ್ತು ನನ್ನ ಕೈಗಿಟ್ಟಳು.

"ಹಲ್ಲೆಲ್ಲ ಕಾಣೋ ಹಾಗೆ ತೆಗೀರಿ ಅಕ್ಕಾ. ಇಲ್ಲಾಂದ್ರೆ ನಮ್ಮಮ್ಮ ಮನೆಯೊಳಗೇ ಸೇರಿಸಲ್ಲ," ಎಂದು ಜೋರಾಗಿ ನಕ್ಕಳು.

ಕ್ಲಿಕ್ಕಿಸಿದೆ. ಕ್ಯಾಮೆರಾದ ಪರದೆಯಲ್ಲಿ ಅವಳು ಕಣ್ಣು ಮುಚ್ಚಿ ಮಲಗಿದ್ದಳು, ಮೂಗಿನಲ್ಲಿ ಹತ್ತಿಯಿತ್ತು. ಮತ್ತೆ ತೆಗೆದರೂ ಹಾಗೆಯೇ. ನನ್ನ ಕೈಯಲ್ಲಿದ್ದ ಹತ್ತಿ ಮಂಜಿನಷ್ಟು ತಣ್ಣಗಿತ್ತು.

"ನಗು ಬಂತಾ ಅಕ್ಕಾ?"

"ಇನ್ನೊಂದ್ಸಲ ನಗು ಹಂಸ."

"ಅಯ್ಯೋ, ದವಡೆ ನೋಯ್ತಿದೆ!"

ಅವಳು ಮನೆಗೆ ಹೋಗಲು ಕೆ.ಆರ್. ಪುರದ ಬಸ್ಸು ಹತ್ತುವವರೆಗೂ ಬಿಡದೆ ನಗಿಸಿದೆ. ಕಿಟಕಿಯಿಂದ ಕೈ ಬೀಸುತ್ತಾ ನಕ್ಕಾಗ ಕೊನೆಯ ಫೋಟೋ ತೆಗೆದೆ.

ಅದರಲ್ಲೂ ಅವಳು ಮಲಗಿಯೇ ಇದ್ದಾಳೆ.